ಪಳೆಯುಳಿಕೆ ಇಲ್ಲದ ಬೆಟ್ಟಗಳಲ್ಲಿ

ಗುರುವಾರ: ಮೈಸೂರಿನಿಂದ ಮಡಿಕೇರಿ

ಕೊಡಗಿನ ಕಲ್ಲುಗಳಲ್ಲಿ ಪಳೆಯುಳಿಕೆ ಸಿಗುವುದಿಲ್ಲ. ಶಂಖವಿಲ್ಲ, ಮೀನಿನ ಮುಳ್ಳಿಲ್ಲ, ಎಲೆಯ ಅಚ್ಚಿಲ್ಲ. ಈ ಬಂಡೆಗಳು ಹುಟ್ಟಿದ ಕಾಲಕ್ಕೆ ಭೂಮಿಯಲ್ಲಿ ಜೀವವೆಂದರೆ ಬರೀ ಸೂಕ್ಷ್ಮಜೀವಿಗಳು. ಅವುಗಳ ಗುರುತೇನಾದರೂ ಉಳಿದಿದ್ದರೆ ಅದೂ ಆಮೇಲಿನ ಬೇಗೆಯಲ್ಲಿ ಬೆಂದುಹೋಗಿರುತ್ತದೆ. ಭೂವಿಜ್ಞಾನ ಮತ್ತು ವಿಕಾಸವಾದ ಬೆಳೆದುಬಂದ ದಾರಿಯನ್ನು ಮಾತಾಡಿಕೊಂಡು ಸುತ್ತಲು ಇಂಥ ಊರನ್ನೇ ಯಾಕೆ ಆರಿಸಿದಿರಿ ಎಂದು ಮೇಷ್ಟ್ರನ್ನು ಕೇಳಿದೆ. ಬಿಎಸ್ಸಿಯಲ್ಲಿ ನಮಗೆ ಭೂವಿಜ್ಞಾನ ಕಲಿಸಿದವರು ಅವರು. ಅವರ ಪಾಠ ಕೇಳಿಯೂ ನಾನು ಹೋಗಿ ಬ್ಯಾಂಕು ಸೇರಿದ್ದನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

"ಪಳೆಯುಳಿಕೆ ಇರೋ ಕಡೆ ಎಲ್ರೂ ಅದನ್ನೇ ನೋಡ್ತಾರೆ ಕಣಯ್ಯಾ. ಇಲ್ಲದ ಕಡೆ ವಿಧಿಯಿಲ್ಲದೆ ಕಲ್ಲು ನೋಡಬೇಕಾಗುತ್ತೆ" ಅಂದರು.

ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೂ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು ಮನೆಗಳು, ಲಾರಿ, ರಸ್ತೆಯುಬ್ಬು. ಬರೆಯುವಂಥದ್ದೇನಿಲ್ಲ. ಮುಂದಿನ ಸೀಟಿನಲ್ಲಿ ಕೂತ ಮೇಷ್ಟ್ರು ಆಗಲೇ 1650ನೇ ಇಸವಿಗೆ ಹೋಗಿಬಿಟ್ಟಿದ್ದರು. ಆ ವರ್ಷ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್, ಬೈಬಲಿನ ವಂಶಾವಳಿಗಳನ್ನೂ ಹಳೆಯ ರಾಜರ ಆಳ್ವಿಕೆಗಳನ್ನೂ ತಾಳೆಹಾಕಿ, ಸೃಷ್ಟಿ ನಡೆದದ್ದು ಕ್ರಿ.ಪೂ. 4004ರ ಅಕ್ಟೋಬರಿನಲ್ಲಿ ಎಂದು ಪ್ರಕಟಿಸಿದ. ಇವತ್ತು ಅವನನ್ನು ಹಾಸ್ಯ ಮಾಡುವುದು ಸುಲಭ. ಮೇಷ್ಟ್ರು ಮಾಡಲಿಲ್ಲ. "ಕೈಯಲ್ಲಿದ್ದ ದಾಖಲೆ ಅದು. ಶ್ರದ್ಧೆಯಿಂದ ಓದಿ ಲೆಕ್ಕ ಹಾಕಿದ. ಎಡವಿದ್ದು ಲೆಕ್ಕದಲ್ಲಲ್ಲ, ದಾಖಲೆ ಆರಿಸಿದ್ದರಲ್ಲಿ. ಭೂಮಿ ವಯಸ್ಸನ್ನ ಭೂಮೀನೇ ಕೇಳಬೇಕಿತ್ತು."

ಕೇಳಲು ಶುರುಮಾಡಿದವರಲ್ಲಿ ಮುಂಚೂಣಿಯವನು ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಬಲೆಗೆ ಬಿದ್ದ ದೊಡ್ಡ ಶಾರ್ಕಿನ ತಲೆಯನ್ನು ಫ್ಲಾರೆನ್ಸಿಗೆ ತರಿಸಿ ಅವನಿಂದ ಕೊಯ್ಯಿಸಿದರು. ಅದರ ಹಲ್ಲುಗಳಿಗೂ, ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಸಿಗುತ್ತಿದ್ದ 'ನಾಲಿಗೆ ಕಲ್ಲು'ಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ಶಾರ್ಕಿನ ಹಲ್ಲು ಗಟ್ಟಿ ಕಲ್ಲಿನ ಒಳಗೆ ಸೇರಿದ್ದು ಹೇಗೆ? ಕಲ್ಲು ಒಂದು ಕಾಲದಲ್ಲಿ ಕೆಸರಾಗಿರಬೇಕು. ಕೆಸರು ಪದರಪದರವಾಗಿ ಕೂತಿದ್ದರೆ ಅಡಿಯ ಪದರ ಹಳೆಯದು, ಮೇಲಿನದು ಹೊಸದು. 1669ರಲ್ಲಿ ಅವನು ಬರೆದ ಈ ಮಾತು ಇವತ್ತು ಬಾಲಪಾಠದಂತೆ ಕೇಳುತ್ತದೆ. ಕಲ್ಲಿಗೂ ಮೊದಲು-ಆಮೇಲೆ ಎಂಬುದಿದೆ ಎಂದು ಯುರೋಪಿಗೆ ಮನದಟ್ಟಾದದ್ದು ಇಂಥದ್ದರಿಂದಲೇ.

ಕುಶಾಲನಗರದ ಕಾವೇರಿ ಸೇತುವೆ ದಾಟಿ, ಸುಂಟಿಕೊಪ್ಪದಾಚೆ ಏರು ಶುರುವಾದ ಮೇಲೆ ಎಡಬಲಕ್ಕೆ ಬರೆಗಳು, ಅಂದರೆ ಗುಡ್ಡ ಕಡಿದಲ್ಲಿ ನೆಟ್ಟಗೆ ನಿಂತ ಮಣ್ಣಿನ ಗೋಡೆಗಳು. ಒಂದು ಕಡೆ ಗಾಡಿ ನಿಲ್ಲಿಸಲು ಹೇಳಿ ಮೇಷ್ಟ್ರು ಇಳಿದರು. ಮೇಲೆ ಗೇಣುದ್ದ ಕಪ್ಪುಮಣ್ಣು, ಅದರಡಿ ಆಳೆತ್ತರ ಕೆಮ್ಮಣ್ಣು, ಇನ್ನೂ ಕೆಳಗೆ ಗುಲಾಬಿ, ಬಿಳಿ, ಹಳದಿ ಕಲಸಿದ ಮೆತ್ತನೆಯ ಪದಾರ್ಥ. ಕಲ್ಲಿನ ಪಟ್ಟೆಗಳು ಅದರಲ್ಲಿ ಹಾಗೇ ಇವೆ, ಉಗುರು ಒತ್ತಿದರೆ ಮಾತ್ರ ಒಳಗೆ ಇಳಿಯುತ್ತದೆ. "ಇದನ್ನ ನೋಡಿ ಪದರ ಅಂದುಕೋಬೇಡ. ಎಲ್ಲಿಂದಲೋ ಬಂದು ಕೂತ ಮಣ್ಣಲ್ಲ ಇದು. ನಿಂತಲ್ಲೇ ಕೊಳೆತ ಬಂಡೆ. ಸ್ಟೆನೊ ನಿಯಮ ಇಲ್ಲಿ ನಡೆಯಲ್ಲ." ಈ ಕೊಳೆಯುವಿಕೆ ಇನ್ನೂ ಮುಂದುವರಿದು, ಕಬ್ಬಿಣದಂಶ ಮಾತ್ರ ಉಳಿದು ಗಟ್ಟಿಯಾದರೆ ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು. 1800ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ವರದಿಯಿಂದ ಆ ಹೆಸರು ಜಗತ್ತಿನ ಭೂವಿಜ್ಞಾನಕ್ಕೆಲ್ಲ ಹೋಯಿತು. ನಮ್ಮ ಕಡೆಯ ಕಲ್ಲು ಪಠ್ಯಪುಸ್ತಕ ಸೇರಿದ ಮೊದಮೊದಲ ಪ್ರಸಂಗಗಳಲ್ಲಿ ಅದೊಂದು.

ಬರೆಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಡ್ರೈವರು ಗಾಡಿಯಿಂದ ಇಳಿಯಲೇ ಇಲ್ಲ. "ಹೆಚ್ಚು ಹೊತ್ತು ನಿಲ್ಲೋದು ಬೇಡ ಸರ್" ಅಂದರು.

ಶುಕ್ರವಾರ: ನಾಪೋಕ್ಲು, ಕಕ್ಕಬ್ಬೆ, ಚೇಲಾವರ

ಹೋಂಸ್ಟೇಯ ಅಕ್ಕ ಕೊಟ್ಟ ಬೆಲ್ಲದ ಕಾಫಿ, ಅಕ್ಕಿ ರೊಟ್ಟಿ ಮುಗಿಸಿ ಹೊರಟೆವು. ನಾಪೋಕ್ಲು ದಾಟಿದರೆ ಗದ್ದೆ ಬಯಲು, ಆಮೇಲೆ ತೋಟ, ತಲೆಯ ಮೇಲೆ ತಡಿಯಂಡಮೋಳ್. 1748 ಮೀಟರ್ ಎತ್ತರದ ಆ ಶಿಖರ ಹತ್ತುವುದು ನಮ್ಮ ಯೋಜನೆಯಲ್ಲಿರಲಿಲ್ಲ. ಮೇಷ್ಟ್ರ ಮಂಡಿ ಒಪ್ಪುವುದಿಲ್ಲ. ಹೋದದ್ದು ಚೇಲಾವರದ ತೊರೆಗೆ. ಜಲಪಾತದ ಬಾಯಲ್ಲಿ ಪಾಚಿಗಟ್ಟಿದ ಬಂಡೆ, ಕಾಲಿಟ್ಟರೆ ಜಾರುತ್ತದೆ. ಫೋಟೋ ತೆಗೆಯುವ ಹುಡುಗರ ಗುಂಪನ್ನು ಬಿಟ್ಟು ನಾವು ಕೆಳಗಡೆಯ ಒಣ ಬಂಡೆಯೊಂದನ್ನು ಹಿಡಿದು ಕೂತೆವು.

ಹೊರಗಿನಿಂದ ಅದು ಕಂದು ಬಣ್ಣದ, ಮಾಮೂಲಿ ಬಂಡೆ. ಯಾರೋ ಒಡೆದಿದ್ದ ಮೂಲೆಯಲ್ಲಿ ಒಳಮೈ ಕಾಣುತ್ತಿತ್ತು: ಹಸಿರು ಮಿಶ್ರಿತ ಕಪ್ಪು, ಎಣ್ಣೆ ಸವರಿದ ಹೊಳಪು. ಮೇಷ್ಟ್ರು ಕುತ್ತಿಗೆಯ ದಾರದಲ್ಲಿದ್ದ ಲೆನ್ಸ್ ಬಿಚ್ಚಿಕೊಟ್ಟರು. ಕಣ್ಣಿಗೆ ತಾಗಿಸಿಕೊಂಡು, ಕಲ್ಲಿಗೆ ಮೂಗು ಮುಟ್ಟುವಷ್ಟು ಬಾಗಿದೆ. ಬೆಣಚುಕಲ್ಲು ಬೆಳ್ಳಗಿರಬೇಕಲ್ಲವೇ? ಇಲ್ಲಿ ಅದು ನೀಲಿ ಬೂದು. ನಡುನಡುವೆ ಕಂಚಿನ ಮಿಂಚಿನ ಕಂದು ಹರಳುಗಳು. ಅವು ಹೈಪರ್‌ಸ್ಥೀನ್. ನೆಲದಾಳದಲ್ಲಿ ವಿಪರೀತ ಶಾಖವಿದ್ದು ನೀರಿನಂಶ ತೀರಾ ಕಡಿಮೆಯಿದ್ದಾಗ ಹುಟ್ಟುವಂಥದ್ದು. ಅಂದರೆ ನಾನು ಕೂತಿದ್ದ ಕಲ್ಲು ಎಷ್ಟೋ ಕಿಲೋಮೀಟರ್ ಆಳದಲ್ಲಿ ರೂಪುಗೊಂಡದ್ದು. ಅದರ ಮೇಲಿದ್ದ ನೆಲವೆಲ್ಲ ಸವೆದು ಹೋಗಿ ಇದು ಬಯಲಿಗೆ ಬಂದಿದೆ.

ಇದರ ಹೆಸರು ಚಾರ್ನೊಕೈಟ್. ಹೆಸರಿನ ಕಥೆ ಕಲ್ಕತ್ತಾದ ಒಂದು ಸಮಾಧಿಯಿಂದ ಶುರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಹಾಲೆಂಡ್, ಸೇಂಟ್ ಜಾನ್ಸ್ ಚರ್ಚಿನಲ್ಲಿರುವ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕನ ಗೋರಿಕಲ್ಲು ಮದರಾಸಿನ ಪಲ್ಲಾವರಂ ಕಡೆಯ ಬಂಡೆ ಎಂದು ಗುರುತಿಸಿ, 1893ರಲ್ಲಿ ಸತ್ತವನ ಹೆಸರನ್ನೇ ಕಲ್ಲಿಗಿಟ್ಟ. ಅದೇ ಪಲ್ಲಾವರದಲ್ಲಿ 1863ರ ಮೇ ತಿಂಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್‌ಗೆ ಹಳೆ ಶಿಲಾಯುಗದ ಕೈಕೊಡಲಿ ಸಿಕ್ಕಿತ್ತು. ಮನುಷ್ಯ ಈ ನೆಲಕ್ಕೆ ಎಷ್ಟು ಹಳಬ ಎಂಬ ಪ್ರಶ್ನೆಯನ್ನು ಭಾರತದಲ್ಲಿ ಎತ್ತಿಸಿದ ಕಲ್ಲು ಅದು. ಇದೇ ಫೂಟ್ 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥ.

ಚಾರ್ನೊಕೈಟ್ ಕರಗಿದ ಶಿಲಾರಸ ತಣಿದು ಆದದ್ದೋ, ಬೇರೆ ಕಲ್ಲು ಬೆಂದು ಬದಲಾಗಿ ಆದದ್ದೋ ಎಂಬ ಜಗಳ ದಶಕಗಟ್ಟಲೆ ನಡೆಯಿತು. ಅದಕ್ಕೊಂದು ತಿರುವು ಕೊಟ್ಟವರು ನಮ್ಮವರೇ ಆದ ಸಿ.ಎಸ್. ಪಿಚ್ಚಮುತ್ತು. ಕನಕಪುರ ಕಡೆಯ ಕಬ್ಬಾಳದುರ್ಗದ ಕ್ವಾರಿಯಲ್ಲಿ, ಬೂದು ಬಣ್ಣದ ನೈಸ್ ಶಿಲೆ ಅಲ್ಲಲ್ಲಿ ಕಲೆಕಲೆಯಾಗಿ ಚಾರ್ನೊಕೈಟ್ ಆಗುತ್ತ, ಆಗುತ್ತಲೇ ನಿಂತುಹೋದದ್ದನ್ನು ಅವರು 1960ರಲ್ಲಿ ತೋರಿಸಿದರು. ನೈಸ್‌ನ ಪಟ್ಟೆ ಹಾಗೇ ಮುಂದುವರಿದು ಕಪ್ಪುಕಲೆಯೊಳಗೆ ಮಸುಕಾಗುತ್ತದೆ. ಕಲ್ಲು ಇನ್ನೊಂದು ಕಲ್ಲಾಗುವುದು ಅರ್ಧದಾರಿಯಲ್ಲಿ ಕಾಣಸಿಗುವ ಜಾಗಗಳು ಹೆಚ್ಚಿಲ್ಲ. ಬೆಂಗಳೂರಿನಿಂದ ಅಲ್ಲಿಗೆ ಹೋಗುವವರಲ್ಲಿ ಬಹುಪಾಲು ಜನ ಕಬ್ಬಾಳಮ್ಮನ ದರ್ಶನ ಮಾಡಿ ವಾಪಸು ಬರುತ್ತಾರೆ. ನಾನೂ ಆ ಪೈಕಿ.

ನಮ್ಮ ಬಂಡೆಯಲ್ಲಿ ಇನ್ನೊಂದು ವಿಶೇಷವಿತ್ತು. ಕಪ್ಪುಮೈಯನ್ನು ಅಡ್ಡಡ್ಡ ಸೀಳಿಕೊಂಡು ಮೂರು ಬೆರಳಗಲದ ಬಿಳಿ ನರವೊಂದು ಓಡಿತ್ತು. ಮೇಷ್ಟ್ರು ಅದರ ಮೇಲೆ ಬೆರಳಾಡಿಸುತ್ತ "ಇದರಲ್ಲಿ ಯಾವುದು ಮೊದಲು?" ಅಂದರು. ಸೀಳಿಸಿಕೊಂಡದ್ದು ಮೊದಲು, ಸೀಳಿದ್ದು ಆಮೇಲೆ. ಇಷ್ಟು ಸುಲಭದ ಪ್ರಶ್ನೆಯ ಮೇಲೆ 18ನೇ ಶತಮಾನದ ಕೊನೆಯಲ್ಲಿ ಯುರೋಪು ಎರಡು ಪಂಗಡವಾಗಿತ್ತು.

ಜರ್ಮನಿಯ ಫ್ರೈಬರ್ಗಿನ ಗಣಿಶಾಲೆಯ ಮೇಷ್ಟ್ರು ಅಬ್ರಹಾಂ ವರ್ನರ್ ಹೇಳುತ್ತಿದ್ದದ್ದು: ಆದಿಯಲ್ಲಿ ಭೂಮಿಯನ್ನೆಲ್ಲ ಸಮುದ್ರ ಮುಚ್ಚಿತ್ತು, ಅದರ ನೀರಿನಿಂದ ಮೊಟ್ಟಮೊದಲು ತಳಕ್ಕಿಳಿದದ್ದು ಗ್ರಾನೈಟ್, ಆದ್ದರಿಂದ ಗ್ರಾನೈಟೇ ಎಲ್ಲಕ್ಕಿಂತ ಹಳೆಯದು. ಒಳ್ಳೆಯ ಉಪಾಧ್ಯಾಯ, ಶಿಷ್ಯರು ದೇಶದೇಶಗಳಿಗೆ ಹರಡಿದ್ದರು. ಎದುರು ನಿಂತವನು ಸ್ಕಾಟ್ಲೆಂಡಿನ ಜೇಮ್ಸ್ ಹಟನ್. ವೈದ್ಯ ಪದವಿ ಪಡೆದೂ ವೈದ್ಯವೃತ್ತಿ ಮಾಡದೆ ಬೇಸಾಯಕ್ಕಿಳಿದ ಆಸಾಮಿ. ತನ್ನ ಹೊಲದ ಮಣ್ಣು ಪ್ರತಿ ಮಳೆಗೆ ಹಳ್ಳ ಸೇರಿ ಸಮುದ್ರಕ್ಕೆ ಹೋಗುವುದನ್ನು ನೋಡುತ್ತ ಅವನಿಗೊಂದು ಚಿಂತೆ ಹತ್ತಿತು. ಹೀಗೇ ಕೊಚ್ಚಿಹೋಗುತ್ತಿದ್ದರೆ ಇಷ್ಟರಲ್ಲಿ ನೆಲವೇ ಉಳಿಯಬಾರದಿತ್ತಲ್ಲ? ಉಳಿದಿದೆಯೆಂದರೆ ಎಲ್ಲೋ ಹೊಸ ನೆಲ ಏಳುತ್ತಿರಬೇಕು, ಏಳಿಸುತ್ತಿರುವುದು ಭೂಮಿಯ ಒಳಗಿನ ಬಿಸಿ ಇರಬೇಕು. ಹಾಗಿದ್ದರೆ ಗ್ರಾನೈಟ್ ನೀರಿನಿಂದ ಇಳಿದದ್ದಲ್ಲ, ಕರಗಿ ಮೇಲೆ ನುಗ್ಗಿದ್ದು. ನುಗ್ಗಿದ್ದರೆ ಗುರುತು ಇರಬೇಕು. 1785ರಲ್ಲಿ ಗ್ಲೆನ್ ಟಿಲ್ಟ್ ಕಣಿವೆಯ ಹೊಳೆಯಲ್ಲಿ ಅವನಿಗೆ ಅದು ಕಂಡಿತು. ಕಪ್ಪು ಪದರಶಿಲೆಯನ್ನು ಸೀಳಿಕೊಂಡು ಕೆಂಪು ಗ್ರಾನೈಟಿನ ನರಗಳು. ಅವನ ಕುಣಿದಾಟ ನೋಡಿ, ಜೊತೆಗಿದ್ದ ದಾರಿ ತೋರುವವರು ಬೆಳ್ಳಿಯೋ ಬಂಗಾರವೋ ಸಿಕ್ಕಿರಬೇಕು ಅಂದುಕೊಂಡರಂತೆ.

ಮೂರು ವರ್ಷದ ಮೇಲೆ, 1788ರಲ್ಲಿ, ಗೆಳೆಯರಾದ ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಅವರನ್ನು ದೋಣಿಯಲ್ಲಿ ಕೂರಿಸಿಕೊಂಡು ಸ್ಕಾಟ್ಲೆಂಡಿನ ಕರಾವಳಿಯ ಸಿಕ್ಕರ್ ಪಾಯಿಂಟಿಗೆ ಹೋದ. ನೆಟ್ಟಗೆ ನಿಂತ ಹಳೆಯ ಪದರಗಳು, ಅವು ಸವೆದ ಮೇಲೆ ಹಾಸಿಕೊಂಡ ಕೆಂಪು ಮರಳುಗಲ್ಲು. ಕೆಸರು ಕಲ್ಲಾಗಿ, ಮಡಚಿ, ಮೇಲೆದ್ದು, ಸವೆದು, ಮತ್ತೆ ಮುಳುಗಿ, ಇನ್ನೊಂದು ಕೆಸರು ಅದರ ಮೇಲೆ ಕೂತು ಕಲ್ಲಾಗಿ, ಪುನಃ ಏಳಲು ಎಷ್ಟು ಕಾಲ ಬೇಕು? ಅಷ್ಟು ಹಿಂದಕ್ಕೆ ಇಣುಕಿ ನೋಡಿ ತಲೆಸುತ್ತು ಬಂದಂತಾಯಿತು ಎಂದು ಪ್ಲೇಫೇರ್ ಬರೆದ.

ನನ್ನ ಪ್ರಕಾರ ವಿಕಾಸವಾದ ಹುಟ್ಟಿದ್ದು ಆ ದೋಣಿಯಲ್ಲಿ. ಡಾರ್ವಿನ್ ಹುಟ್ಟಲು ಇನ್ನೂ 21 ವರ್ಷ ಇತ್ತು ನಿಜ. ಆದರೆ ಜೀವಿಗಳು ಬದಲಾಗುತ್ತವೆ ಎಂಬ ಊಹೆ ಅವನಿಗಿಂತ ಮೊದಲೂ ಇತ್ತು. ಇಲ್ಲದೆ ಇದ್ದದ್ದು ಬದಲಾಗಲು ಬೇಕಾದಷ್ಟು ಕಾಲ. ಅದನ್ನು ಒದಗಿಸಿಕೊಟ್ಟವರು ಕಲ್ಲಿನ ಜನ.

ಶನಿವಾರ: ಭಾಗಮಂಡಲ, ತಲಕಾವೇರಿ

ಬೆಳಗ್ಗೆ ಕಡಂಬುಟ್ಟು. ಹೊರಗೆ ಮುಟ್ಟುವ ಹದಕ್ಕೆ ಆರಿತ್ತು, ಕಚ್ಚಿದರೆ ನಾಲಿಗೆ ಸುಟ್ಟಿತು. ಮೇಷ್ಟ್ರು ಅರ್ಧ ಕಡುಬನ್ನು ಕೈಯಲ್ಲಿ ಹಿಡಿದು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಪಾಠ ತೆಗೆದರು. 1862ರಲ್ಲಿ ಕೆಲ್ವಿನ್ ಕೇಳಿಕೊಂಡದ್ದೂ ಇದನ್ನೇ: ಕರಗಿದ ಉಂಡೆಯಾಗಿದ್ದ ಭೂಮಿ ಹೊರಗಿನಿಂದ ತಣಿಯುತ್ತ ಬಂದಿದ್ದರೆ, ಈಗ ಗಣಿಗಳಲ್ಲಿ ಇಳಿದಷ್ಟೂ ಏರುವ ಬಿಸಿಯ ಲೆಕ್ಕದಿಂದ ತಣಿಯಲು ಶುರುವಾಗಿ ಎಷ್ಟು ಕಾಲವಾಯಿತು ಎಂದು ಹೇಳಬಹುದಲ್ಲ? ಉತ್ತರ 2 ಕೋಟಿಯಿಂದ 40 ಕೋಟಿ ವರ್ಷದೊಳಗೆ ಬಂತು. ಆಮೇಲೆ ಅವನು ಅದನ್ನು ಇನ್ನೂ ಇಳಿಸುತ್ತ, 1897ರ ಹೊತ್ತಿಗೆ 2ರಿಂದ 4 ಕೋಟಿಗೆ ತಂದು ನಿಲ್ಲಿಸಿದ.

ಡಾರ್ವಿನ್ನನಿಗೆ ಇದು ಬುಡಕ್ಕೇ ಬಿದ್ದ ಕೊಡಲಿ. 1859ರ ತನ್ನ 'ಆರಿಜಿನ್ ಆಫ್ ಸ್ಪೀಶೀಸ್' ಪುಸ್ತಕದ ಮೊದಲ ಆವೃತ್ತಿಯಲ್ಲಿ ಅವನು ಇಂಗ್ಲೆಂಡಿನ ವೀಲ್ಡ್ ಕಣಿವೆ ಸವೆಯಲು 30 ಕೋಟಿ ವರ್ಷ ಹಿಡಿದಿರಬೇಕು ಎಂದು ಲೆಕ್ಕ ಹಾಕಿದ್ದ. ಟೀಕೆ ಬಂದವು, ಮೂರನೇ ಆವೃತ್ತಿಯಲ್ಲಿ ಲೆಕ್ಕವನ್ನೇ ಕಿತ್ತುಹಾಕಿದ. ಆದರೂ ಕಾಲ ಸಾಲದು ಎಂಬ ಭೌತವಿಜ್ಞಾನಿಗಳ ಆಕ್ಷೇಪ 1882ರಲ್ಲಿ ಸಾಯುವವರೆಗೂ ಅವನನ್ನು ಬಿಡಲಿಲ್ಲ. ಒಂದು ಕಡೆ ಗಣಿತ, ಇನ್ನೊಂದು ಕಡೆ ಕಲ್ಲು ಮತ್ತು ಡಾರ್ವಿನ್ನನ ಪುಸ್ತಕದ ಪಾರಿವಾಳ. ಆ ಕಾಲದಲ್ಲಿ ನಾವಿದ್ದಿದ್ದರೂ ಗಣಿತವನ್ನೇ ನಂಬುತ್ತಿದ್ದೆವೇನೋ.

ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಗುಪ್ತಗಾಮಿನಿ ಸುಜ್ಯೋತಿಯರ ಸಂಗಮಕ್ಕೆ ಕೈಮುಗಿದು ಘಟ್ಟ ಹತ್ತಿದೆವು. ತಲಕಾವೇರಿಯ ಎತ್ತರ ಸುಮಾರು 1276 ಮೀಟರ್. ತೀರ್ಥೋದ್ಭವದ ಜಾತ್ರೆ ಮುಗಿದು ವಾರಗಳಾದ್ದರಿಂದ ಕುಂಡಿಕೆಯ ಹತ್ತಿರ ನೂಕುನುಗ್ಗಲಿರಲಿಲ್ಲ. ಇಲ್ಲಿಂದ ಅರಬ್ಬೀ ಸಮುದ್ರ ನೇರ ದೂರದಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. ಕಾವೇರಿ ಅದಕ್ಕೆ ಬೆನ್ನು ಹಾಕಿ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಅಗಸ್ತ್ಯರ ಕಮಂಡಲದ ಕಥೆ ಗೊತ್ತೇ ಇದೆ. ಭೂವಿಜ್ಞಾನದ ಕಥೆಯಲ್ಲಿ ಕಮಂಡಲ ಉರುಳಿಸಿದ್ದು ಮಡಗಾಸ್ಕರ್. ಸುಮಾರು 8.8 ಕೋಟಿ ವರ್ಷದ ಹಿಂದೆ ಅದು ಭಾರತದ ಪಶ್ಚಿಮ ಅಂಚಿನಿಂದ ಹರಿದುಕೊಂಡು ಹೋಯಿತು, ಆ ಹರಿದ ಅಂಚಿನ ಕಡೆ ನೆಲ ಎತ್ತರವಾಗಿ ಒಟ್ಟು ಪರ್ಯಾಯ ದ್ವೀಪ ಪೂರ್ವಕ್ಕೆ ವಾಲಿತು. ದೊಡ್ಡ ನದಿಗಳೆಲ್ಲ ವಾಲಿದ ಕಡೆಗೆ ಹರಿದವು. ಪಶ್ಚಿಮಕ್ಕೆ ಧುಮುಕುವ ಗಿಡ್ಡ ನದಿಗಳು ಘಟ್ಟದ ಗೋಡೆಯನ್ನು ತಿನ್ನುತ್ತ ಪೂರ್ವಕ್ಕೆ ತಳ್ಳುತ್ತಲೇ ಇವೆ.

ಬ್ರಹ್ಮಗಿರಿಯ ಎದುರು ಕೂತಾಗ ಪಕ್ಕದಲ್ಲಿದ್ದ ಯಾತ್ರಿಕರೊಬ್ಬರು ಮಾತಿಗೆ ಸಿಕ್ಕರು. ನಾವು ವರ್ಷಗಳ ಲೆಕ್ಕ ಮಾತಾಡುವುದನ್ನು ಕೇಳಿ, "ನಮ್ಮ ಪುರಾಣದಲ್ಲಿ ಆಗಲೇ ಹೇಳಿದೆಯಲ್ಲ ಸ್ವಾಮಿ, ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ. ವಿಜ್ಞಾನಿಗಳು ಹೇಳೋದೂ 450 ಚಿಲ್ಲರೆ ಕೋಟಿ" ಅಂದರು. ಮೇಷ್ಟ್ರು ಮೂಗು ಮುರಿಯಲಿಲ್ಲ. "ಅಷ್ಟು ದೊಡ್ಡ ಸಂಖ್ಯೆಗೆ ಹೆದರದೇ ಇದ್ದರಲ್ಲ, ಅದು ದೊಡ್ಡದು. ಯುರೋಪಿನವರು ಆರು ಸಾವಿರಕ್ಕೆ ಸಿಕ್ಕಿಹಾಕಿಕೊಂಡಿದ್ರು. ಆದರೆ 432 ಹೇಗೆ ಬಂತು ಅಂತ ಕೇಳಿದ್ರೆ ಯುಗದ ಗುಣಾಕಾರ. 455 ಹೇಗೆ ಬಂತು ಅಂತ ಕೇಳಿದ್ರೆ ಉಲ್ಕೆಯೊಳಗಿನ ಸೀಸ. ಎರಡೂ ಪಕ್ಕಪಕ್ಕ ಬಂದದ್ದು ಆಕಸ್ಮಿಕ." ಯಾತ್ರಿಕರು ಪೂರ್ತಿ ಒಪ್ಪಲಿಲ್ಲ. ಪ್ರಸಾದ ಮಾತ್ರ ಕೊಟ್ಟರು.

ಗಜಗಿರಿಯ ಮೈಮೇಲೆ 2020ರ ಆಗಸ್ಟಿನ ಗಾಯ ಕಾಣುತ್ತದೆ. ಹುಲ್ಲು ಬೆಳೆದಿದ್ದರೂ ಬೆಟ್ಟದ ಆಕಾರದಲ್ಲೇ ಒಂದು ತಗ್ಗು. ಒಂದು ರಾತ್ರಿಯ ಮಳೆಗೆ ಜರಿದ ಗುಡ್ಡ ದೇವಸ್ಥಾನದ ಅರ್ಚಕರ ಮನೆಯನ್ನು ಹೊತ್ತುಕೊಂಡು ಹೋಯಿತು. ಅದಕ್ಕೆ ಎರಡು ವರ್ಷ ಮೊದಲು, 2018ರ ಆಗಸ್ಟಿನಲ್ಲಿ, ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಬೆಟ್ಟಗಳೇ ಹಳ್ಳಗಳಾಗಿ ಹರಿದವು. ಡ್ರೈವರ ದೊಡ್ಡಮ್ಮನ ತೋಟ ಆಗ ಹೋಯಿತಂತೆ. "ಕಾಫಿ ಗಿಡ ನಿಂತ ಹಾಗೇ ಕೆಳಗಿನವರ ಗದ್ದೆಗೆ ಹೋಗಿ ನಿಂತಿತ್ತು ಸರ್, ಹಣ್ಣು ಸಮೇತ."

ಇಲ್ಲಿ ಮೇಷ್ಟ್ರಿಗೂ ನನಗೂ ಸಣ್ಣ ವಾಗ್ವಾದವಾಯಿತು. 1796ರಲ್ಲಿ ಪ್ಯಾರಿಸಿನ ಪ್ರಾಣಿವಿಜ್ಞಾನಿ ಕುವಿಯೆ, ಮ್ಯಾಮತ್ ಈಗಿನ ಆನೆಯಲ್ಲ, ಅಳಿದೇಹೋದ ಬೇರೆ ಪ್ರಾಣಿ ಎಂದು ಮೂಳೆ ಹಿಡಿದು ತೋರಿಸಿದ. ಹಾಗೆ ಅಳಿಯಲು ಭಾರೀ ಉತ್ಪಾತಗಳೇ ಕಾರಣ ಎಂದ. ಬ್ರಿಟನ್ನಿನ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಿಂದ 33ರವರೆಗೆ ಮೂರು ಸಂಪುಟಗಳಲ್ಲಿ ಅದಕ್ಕೆ ಎದುರುವಾದ ಹೂಡಿದ. ಇವತ್ತು ಕಾಣುವ ಮಳೆ, ಹೊಳೆ, ಅಲೆ, ಜ್ವಾಲಾಮುಖಿಗಳೇ ಸಾಕು, ಬೇಕಾದದ್ದು ಬರೀ ಕಾಲ. ಮೊದಲ ಸಂಪುಟವನ್ನು ಬೀಗಲ್ ಹಡಗಿಗೆ ಒಯ್ದ ಡಾರ್ವಿನ್, 1835ರಲ್ಲಿ ಚಿಲಿ ದೇಶದ ಭೂಕಂಪದ ನಂತರ ಕರಾವಳಿ ಕೆಲವು ಅಡಿ ಮೇಲೆದ್ದಿದ್ದನ್ನು, ಬಂಡೆಗಂಟಿದ ಚಿಪ್ಪುಜೀವಿಗಳು ನೀರಿಲ್ಲದೆ ಕೊಳೆಯುತ್ತಿದ್ದುದನ್ನು ಕಣ್ಣಾರೆ ಕಂಡ. ಹೀಗೇ ಅಡಿಯಡಿಯಾಗಿ ಆಂಡೀಸ್ ಎದ್ದಿರಬೇಕು. ತನ್ನ ಪುಸ್ತಕಗಳು ಅರ್ಧ ಲಯೆಲ್ ತಲೆಯಿಂದಲೇ ಬಂದಂತಿವೆ ಎಂದು ಆಮೇಲೆ ಬರೆದುಕೊಂಡ.

ನಮ್ಮ ಕಾಲೇಜಿನ ಪಾಠದಲ್ಲಿ ಲಯೆಲ್ ಗೆದ್ದ, ಕುವಿಯೆ ಸೋತ. ಗಜಗಿರಿ ನೋಡಿದರೆ ಹಾಗನ್ನಿಸುವುದಿಲ್ಲ ಅಂದೆ. ಮೇಷ್ಟ್ರು, ಭೂಕುಸಿತವೂ ಲಯೆಲ್ ಲೆಕ್ಕದ್ದೇ, ಘಟ್ಟ ಸವೆಯುವುದೇ ಹೀಗೆ, ಎಂದು ಪಟ್ಟು ಹಿಡಿದರು. ಸವೆತ ದಿನಕ್ಕಿಷ್ಟು ಎಂದು ಅಳೆದು ನಡೆಯುವುದಿಲ್ಲ, ನೂರು ವರ್ಷ ಸುಮ್ಮನಿದ್ದು ಒಂದು ರಾತ್ರಿ ನಡೆಯುತ್ತದೆ ಎಂಬುದು ನನ್ನ ವಾದ. 1980ರಲ್ಲಿ ಆಲ್ವಾರೆಜ್ ತಂದೆ-ಮಗ ಮತ್ತು ಸಂಗಡಿಗರು, 6.6 ಕೋಟಿ ವರ್ಷ ಹಳೆಯ ಜೇಡಿಪದರದಲ್ಲಿ, ನೆಲದ ಕಲ್ಲುಗಳಲ್ಲಿ ಅಪರೂಪವಾದ, ಉಲ್ಕೆಗಳಲ್ಲಿ ಹೆಚ್ಚಿರುವ ಇರಿಡಿಯಂ ಲೋಹ ಅತಿಯಾಗಿರುವುದನ್ನು ಹಿಡಿದು ಕ್ಷುದ್ರಗ್ರಹದ ಹೊಡೆತವನ್ನು ಮುಂದಿಟ್ಟ ಮೇಲೆ ಉತ್ಪಾತಗಳು ಮರ್ಯಾದೆಯಿಂದ ಭೂವಿಜ್ಞಾನಕ್ಕೆ ವಾಪಸು ಬಂದವಲ್ಲ? "ಬಂದ್ವು. ಆದರೆ ಪುರಾವೆ ಹಿಡಕೊಂಡು ಬಂದ್ವು" ಅಂದರು. ಅಲ್ಲಿಗೆ ಮಾತು ನಿಂತಿತು, ಮಂಜು ಬಂದು ಗಜಗಿರಿ ಮುಚ್ಚಿಹೋಯಿತು.

ಭಾನುವಾರ: ಚೆಟ್ಟಳ್ಳಿಯ ತೋಟ

ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬರ ತೋಟ. ಅರೇಬಿಕಾ ಕುಯ್ಲು ಶುರುವಾಗಿತ್ತು. ಕಣದಲ್ಲಿ ಹಣ್ಣು ಅಳೆಯುವ ಗಲಾಟೆಯ ನಡುವೆಯೇ ಯಜಮಾನರು ನಮ್ಮನ್ನು ಗಿಡಗಳ ಸಾಲಿಗೆ ಕರೆದೊಯ್ದರು. ನೋಡಬೇಕೆಂದು ನಾನು ಕೇಳಿದ್ದು ಹಣ್ಣನ್ನಲ್ಲ, ಎಲೆಯ ತುಕ್ಕನ್ನು.

"ರೋಗ ನೋಡೋಕೆ ಬಂದ ಮೊದಲ ಟೂರಿಸ್ಟ್ ನೀವೇ ಮಾರಾಯ್ರೇ" ಎಂದು ನಗುತ್ತ ಅವರು ಒಂದು ಎಲೆ ಮಗುಚಿದರು. ಮೇಲ್ಮೈಯಲ್ಲಿ ಮಸುಕು ಹಳದಿ ಚುಕ್ಕೆ. ತಳದಲ್ಲಿ ಕಿತ್ತಳೆ ಪುಡಿ, ಕೈಗೆ ಅರಿಶಿನದಷ್ಟೇ ಸಲೀಸಾಗಿ ಅಂಟುತ್ತದೆ. ಲೆನ್ಸಿನಲ್ಲಿ ನೋಡಿದರೆ ಆ ಪುಡಿ ಸಣ್ಣ ಸಣ್ಣ ಗೊಂಚಲಾಗಿ ಎಲೆಯ ಉಸಿರುರಂಧ್ರಗಳಿಂದ ಉಕ್ಕಿ ಬಂದಂತಿದೆ. ಪುಡಿಯ ಪ್ರತಿ ಕಣವೂ ಒಂದು ಬೀಜಾಣು. ಗಾಳಿಗೆ ಹಾರಿ, ಮಳೆಯಲ್ಲಿ ನೆಂದು, ಇನ್ನೊಂದು ಎಲೆಯ ರಂಧ್ರದೊಳಗೆ ಮೊಳೆಯಲು ಕಾದಿರುವಂಥದ್ದು.

ಈ ಶಿಲೀಂಧ್ರ ವಿಜ್ಞಾನದ ಲೆಕ್ಕಕ್ಕೆ ಸಿಕ್ಕಿದ್ದು 1869ರಲ್ಲಿ, ಸಿಲೋನಿನಲ್ಲಿ. ಎರಡು ದಶಕಗಳಲ್ಲಿ ಅಲ್ಲಿಯ ಕಾಫಿ ಉದ್ಯಮ ನೆಲಕಚ್ಚಿ, ದ್ವೀಪ ಚಹಾಕ್ಕೆ ತಿರುಗಿತು. ಕೊಡಗು, ಚಿಕ್ಕಮಗಳೂರಿಗೂ ತುಕ್ಕು ಬಂತು. 1911ರ ಸುಮಾರಿಗೆ ಚಿಕ್ಕಮಗಳೂರು ಕಡೆಯ ದೊಡ್ಡನಗುಡ್ಡ ತೋಟದಲ್ಲಿ ಕೆಂಟ್ ಎಂಬ ಪ್ಲಾಂಟರ್, ರೋಗದ ನಡುವೆಯೂ ಹಸಿರಾಗಿ ನಿಂತಿದ್ದ ಗಿಡವೊಂದನ್ನು ಆರಿಸಿ ಬೀಜ ಮಾಡಿದ. 'ಕೆಂಟ್ಸ್' ತಳಿ ತೋಟತೋಟಕ್ಕೆ ಹರಡಿತು. ಕೆಲವು ವರ್ಷ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಆಮೇಲೆ ಕೆಂಟ್ಸ್‌ಗೂ ತುಕ್ಕು ಹತ್ತಿತು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ವಿಲ್ಸನ್ ಮೇನ್ 1930ರ ದಶಕದ ಮೊದಲಲ್ಲಿ ಇದರ ಗುಟ್ಟು ಬಿಡಿಸಿದ. ತುಕ್ಕು ಒಂದೇ ಅಲ್ಲ, ಅದರಲ್ಲೂ ಬೇರೆಬೇರೆ ಕುಲಗಳಿವೆ. ಒಂದು ಕುಲಕ್ಕೆ ಬಗ್ಗದ ಗಿಡ ಇನ್ನೊಂದಕ್ಕೆ ಬಗ್ಗುತ್ತದೆ. ಜಗತ್ತಿನಲ್ಲಿ ಕಾಫಿ ತುಕ್ಕಿನ ಕುಲಭೇದ ಮೊದಲು ಗುರುತಾದದ್ದು ಮಲೆನಾಡಿನ ಆ ಪ್ರಯೋಗಾಲಯದಲ್ಲಿ. ಈಗ ಐವತ್ತಕ್ಕೂ ಹೆಚ್ಚು ಕುಲಗಳು ಗೊತ್ತಿವೆ. ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆಗೆ ಗಾಲಪಗಸ್ ಗುಬ್ಬಿಗಳ ಉದಾಹರಣೆಯನ್ನೇ ನಮ್ಮ ಪುಸ್ತಕಗಳು ಕೊಡುತ್ತಾ ಬಂದಿವೆ. ನನ್ನನ್ನು ಕೇಳಿದರೆ ಕರ್ನಾಟಕದ ಹೈಸ್ಕೂಲು ಪಾಠಕ್ಕೆ ತುಕ್ಕೇ ಸರಿ. ಕೋಟ್ಯಂತರ ಬೀಜಾಣುಗಳಲ್ಲಿ ಎಲ್ಲೋ ಒಂದಕ್ಕೆ ಆದ ಸಣ್ಣ ಬದಲಾವಣೆ, ಕೆಂಟ್ಸ್ ಎಲೆಯ ಬಾಗಿಲು ತೆರೆಯುವಂಥದ್ದು. ಸುತ್ತಲೂ ಬೆಟ್ಟಗಟ್ಟಲೆ ಕೆಂಟ್ಸ್ ಗಿಡ. ಮಿಕ್ಕ ಬೀಜಾಣುಗಳಿಗೆ ಉಪವಾಸ, ಅದೊಂದಕ್ಕೆ ಹಬ್ಬ. ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ. ಆಯ್ಕೆ ಮಾಡಿದ್ದು ನಾವು ನೆಟ್ಟ ತೋಟವೇ.

"ಅಪ್ಪನ ಕಾಲದಲ್ಲಿ 795ಕ್ಕೆ ಇಷ್ಟು ತುಕ್ಕು ಬರ್ತಾ ಇರಲಿಲ್ಲ" ಅಂದರು ಯಜಮಾನರು. ಅದು 1940ರ ದಶಕದಲ್ಲಿ ಬಂದ ತಳಿ, ಕೆಂಟ್ಸ್ ಜೊತೆಗೆ ಅರೇಬಿಕಾ-ಲೈಬೀರಿಕಾ ಬೆರಕೆಯ ರಕ್ತವಿರುವಂಥದ್ದು. ಈಗ ಅದಕ್ಕೂ ಬೋರ್ಡೊ ದ್ರಾವಣ ಹೊಡೆಯಲೇಬೇಕು. ರೊಬಸ್ಟಾಗೆ ಅಷ್ಟು ಭಯವಿಲ್ಲ. ತಮಾಷೆಯೆಂದರೆ, ಅರೇಬಿಕಾ ಸ್ವತಃ ರೊಬಸ್ಟಾದ ಮಗು. ಕೆಲವು ಲಕ್ಷ ವರ್ಷದ ಹಿಂದೆ ಆಫ್ರಿಕಾದಲ್ಲಿ ರೊಬಸ್ಟಾ ಜಾತಿಗೂ ಯುಜೀನಿಯೋಯಿಡಿಸ್ ಎಂಬ ಇನ್ನೊಂದಕ್ಕೂ ತಾನಾಗಿ ಆದ ಸಂಕರದಿಂದ ಅದು ಹುಟ್ಟಿತು. ರೊಬಸ್ಟಾದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ಹೊಸ ಪ್ರಭೇದ ಹುಟ್ಟಲು ಯಾವಾಗಲೂ ಯುಗಗಳೇ ಬೇಕೆಂದಿಲ್ಲ ಎನ್ನಲು ಕೊಡಗಿನ ಬೇಲಿಯೊಳಗೇ ಸಾಕ್ಷಿಯಿದೆ. ಲಯೆಲ್ ಶಿಷ್ಯನಾದ ಡಾರ್ವಿನ್ ಇದನ್ನು ಒಪ್ಪಲು ಸ್ವಲ್ಪ ತಿಣುಕುತ್ತಿದ್ದನೇನೋ.

ಅವನೂ ತಳಿಗಾರರನ್ನೇ ನಂಬಿ ಹೊರಟವನು. ಪುಸ್ತಕದ ಮೊದಲ ಅಧ್ಯಾಯದ ತುಂಬ ಸಾಕುಪಾರಿವಾಳ. ದೇಶದೇಶಗಳಿಂದ ಪಾರಿವಾಳದ ಚರ್ಮ ತರಿಸಿಕೊಂಡಿದ್ದ. ಅದಕ್ಕಾಗಿ ವಿಶೇಷವಾಗಿ ನೆನೆದವರಲ್ಲಿ ಒಬ್ಬ ಮದರಾಸಿನ ವಾಲ್ಟರ್ ಎಲಿಯಟ್. ಈ ಎಲಿಯಟ್ ಅದಕ್ಕೂ ಮುಂಚೆ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದು, ಅಲ್ಲಿಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ್ದ.

ಮಧ್ಯಾಹ್ನ ಗೊಬ್ಬರದ ಗುಂಡಿ ತೋಡುತ್ತಿದ್ದ ಕಡೆಯಿಂದ "ಹಾವು!" ಎಂಬ ಕೂಗು. ಹೋಗಿ ನೋಡಿದರೆ ಹಾವಲ್ಲ, ಸಿಸಿಲಿಯನ್. ಕಪ್ಪೆಯ ದೂರದ ಬಂಧು, ಕಾಲಿಲ್ಲದ ಉಭಯಚರ. ಗೇಣುದ್ದ, ಸೀಸದ ಬಣ್ಣ, ಮೈತುಂಬ ಉಂಗುರ. ಕಣ್ಣು ಚರ್ಮದಡಿಯ ಒಂದು ಚುಕ್ಕೆ ಅಷ್ಟೇ. ಹಾರೆ ಎತ್ತಿದ್ದವರನ್ನು ಯಜಮಾನರು ತಡೆದರು. ನಾವು ನೋಡುತ್ತಿದ್ದಂತೆ ಮೂತಿಯಿಂದ ಸಡಿಲ ಮಣ್ಣನ್ನು ತಳ್ಳಿಕೊಂಡು ಒಳಗೆ ಹೋಯಿತು.

ಸಮುದ್ರ ನಡುವಿನ ದ್ವೀಪಗಳಲ್ಲಿ ಕಪ್ಪೆಗಳು ಸಾಮಾನ್ಯವಾಗಿ ಇಲ್ಲ ಎಂಬುದನ್ನು ಡಾರ್ವಿನ್ ಗಮನಿಸಿದ್ದ. ಉಪ್ಪುನೀರು ಅವಕ್ಕೂ ಅವುಗಳ ಮೊಟ್ಟೆಗೂ ವಿಷ, ಈಜಿಕೊಂಡು ಹೋಗಲಾರವು. ಆದರೆ ಪಶ್ಚಿಮಘಟ್ಟದ ಕೆಲವು ಸಿಸಿಲಿಯನ್‌ಗಳ ಹತ್ತಿರದ ಬಂಧುಗಳಿರುವುದು ಹಿಂದೂ ಮಹಾಸಾಗರದ ನಡುವಿನ ಸೇಶೆಲ್ಸ್ ದ್ವೀಪಗಳಲ್ಲಿ. 2003ರಲ್ಲಿ ಕೇರಳದ ಇಡುಕ್ಕಿಯಿಂದ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬಾಸೂಯಿಟ್ ವಿವರಿಸಿದ ನೇರಳೆ ಕಪ್ಪೆಯ ನಂಟರೂ ಅಲ್ಲೇ. ಈ ಒಗಟು ಬಿಡಿಸಿದ್ದು ಮತ್ತೆ ಕಲ್ಲೇ. ಸೇಶೆಲ್ಸ್‌ನ ಮುಖ್ಯ ದ್ವೀಪಗಳು ಸಮುದ್ರ ಜ್ವಾಲಾಮುಖಿಯಿಂದ ಎದ್ದವಲ್ಲ, ಗ್ರಾನೈಟ್. ಖಂಡದಿಂದ ಮುರಿದು ಉಳಿದ ಚೂರು. ಕಪ್ಪೆ ಸಮುದ್ರ ದಾಟಲಿಲ್ಲ, ಕಪ್ಪೆಯ ಕಾಲಕೆಳಗಿನ ನೆಲವೇ ಹೋಯಿತು.

ಇದನ್ನು ಒಪ್ಪಲೂ ಜಗತ್ತಿಗೆ ಬಹಳ ಕಾಲ ಹಿಡಿಯಿತು. 1864ರಲ್ಲಿ ಪ್ರಾಣಿವಿಜ್ಞಾನಿ ಸ್ಕ್ಲೇಟರ್, ಭಾರತಕ್ಕೂ ಮಡಗಾಸ್ಕರಿಗೂ ನಡುವೆ ಮುಳುಗಿದ ಲೆಮೂರಿಯ ಎಂಬ ಖಂಡವನ್ನು ಕಲ್ಪಿಸಿದ. ಮಧ್ಯಭಾರತದ ಗೊಂಡರ ನಾಡಿನ ಹೆಸರು ಹೊತ್ತ ಶಿಲೆಗಳಿಂದ ಆಸ್ಟ್ರಿಯಾದ ಭೂವಿಜ್ಞಾನಿ ಎಡ್ವರ್ಡ್ ಸೂಸ್ ಗೊಂಡ್ವಾನ ಖಂಡವನ್ನು ಹೆಸರಿಸಿದ. 1912ರಲ್ಲಿ ಖಂಡಗಳೇ ಜರುಗುತ್ತವೆ ಎಂದ ವೇಗೆನರ್‌ನನ್ನು ಭೂವಿಜ್ಞಾನಿಗಳೇ ಗೇಲಿಮಾಡಿದರು, 1960ರ ದಶಕದಲ್ಲಿ ಸಾಗರತಳದ ಅಧ್ಯಯನಗಳು ಬರುವವರೆಗೆ. ಲೆಮೂರಿಯ ಮಾತ್ರ ಕೆಲವರ ತಲೆಯಲ್ಲಿ ಇನ್ನೂ ಮುಳುಗಿಲ್ಲ.

ರಾತ್ರಿ ಪಂದಿಕರಿ, ಕಾಚಂಪುಳಿಯ ಹುಳಿ ಸರಿಯಾಗಿ ಬಿದ್ದಿತ್ತು. ಮೇಷ್ಟ್ರಿಗೆ ನೂಪುಟ್ಟು, ಬೆಲ್ಲ, ತೆಂಗಿನಹಾಲು.

ಸೋಮವಾರ: ವಾಪಸು

ದಾರಿಯಲ್ಲಿ ಉಳಿದಿದ್ದ ಬಾಕಿ ಒಂದೇ, ಕೆಲ್ವಿನ್ ಗತಿಯೇನಾಯಿತು ಎಂಬುದು. 1896ರಲ್ಲಿ ಬೆಕೆರೆಲ್‌ಗೆ ಯುರೇನಿಯಂನಿಂದ ತಾನಾಗಿ ಹೊಮ್ಮುವ ವಿಕಿರಣ ಕಂಡಿತು. ಭೂಮಿಯ ಕಲ್ಲುಗಳು ಒಳಗೊಳಗೇ ಬಿಸಿ ಹುಟ್ಟಿಸುತ್ತಿವೆ ಎಂದಾದ ಮೇಲೆ ಬರೀ ತಣಿಯುವ ಉಂಡೆಯ ಲೆಕ್ಕ ನಿಲ್ಲಲಿಲ್ಲ. 1904ರಲ್ಲಿ ಲಂಡನ್ನಿನಲ್ಲಿ ರುದರ್‌ಫೋರ್ಡ್ ಈ ವಿಷಯ ಮಾತಾಡುವಾಗ ಸಭೆಯಲ್ಲಿ ಮುದಿ ಕೆಲ್ವಿನ್ ಕೂತಿದ್ದ. ಹೊಸ ಉಷ್ಣಮೂಲ ಸಿಗದಿದ್ದರೆ ಎಂಬ ಷರತ್ತನ್ನು ಕೆಲ್ವಿನ್ನೇ ಹಾಕಿದ್ದ ಎಂದು ಜಾಣತನದಿಂದ ಹೇಳಿ ರುದರ್‌ಫೋರ್ಡ್ ಪಾರಾದ. ಯುರೇನಿಯಂ ಕ್ಷಯಿಸುತ್ತ ಸೀಸವಾಗುವ ವೇಗ ತಿಳಿದ ಮೇಲೆ ಕಲ್ಲೇ ಗಡಿಯಾರವಾಯಿತು. 1911ರಲ್ಲಿ, ಇನ್ನೂ ಇಪ್ಪತ್ತೊಂದರ ಹುಡುಗ ಆರ್ಥರ್ ಹೋಮ್ಸ್, ಸಿಲೋನಿನ ಒಂದು ಶಿಲೆಗೆ 164 ಕೋಟಿ ವರ್ಷ ಎಂದ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕೆಗಳ ಸೀಸ ಅಳೆದು ಭೂಮಿಗೆ 455 ಕೋಟಿ ಎಂದ.

ಕೊಡಗಿನ ಶಿಲೆಗಳಲ್ಲಿರುವ, ಯುರೇನಿಯಂ ಹಿಡಿದಿಟ್ಟುಕೊಂಡ ಜಿರ್ಕಾನ್ ಹರಳುಗಳು ಸುಮಾರು 310ರಿಂದ 320 ಕೋಟಿ ವರ್ಷ ತೋರಿಸುತ್ತವೆ. ಕೊಡಗು ಆಗ ಪ್ರತ್ಯೇಕವಾದೊಂದು ಪುಟ್ಟ ಭೂಖಂಡವಾಗಿದ್ದು, ಆಮೇಲೆ ಧಾರವಾಡ ಭೂಖಂಡಕ್ಕೆ ಬಂದು ಹೊಲಿದುಕೊಂಡಿತು ಎನ್ನುತ್ತಾರೆ. ಹೊಲಿಗೆಯ ಗುರುತು ಮರ್ಕರಾ ಶಿಯರ್ ವಲಯ, ಅಂದರೆ ಎರಡು ನೆಲಗಳು ಒಂದಕ್ಕೊಂದು ಉಜ್ಜಿ ಜರುಗಿದ ಪಟ್ಟಿ. ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು 1956ರಲ್ಲಿ ಮೈಸೂರಿಗೆ ಸೇರಿದ್ದು ಎರಡನೇ ಸಲ ಎಂದು ಮೇಷ್ಟ್ರು ನಕ್ಕರು.

ಇಷ್ಟು ಹೊತ್ತು ಸುಮ್ಮನೆ ಗಾಡಿ ಓಡಿಸುತ್ತಿದ್ದ ಡ್ರೈವರು ಕನ್ನಡಿಯಲ್ಲಿ ನೋಡುತ್ತ ಕೇಳಿದರು: "ಅಷ್ಟೆಲ್ಲ ಕೋಟಿ ವರ್ಷ ಇದ್ದಿದ್ದು ಸರಿ ಸರ್. ನಮ್ಮ ಮನೆ ಹಿಂದಿನ ಬರೆ ಮುಂದಿನ ಮಳೆಗೆ ನಿಲ್ಲುತ್ತಾ?"

ಮನೆ ದಾರಿಯಲ್ಲೇ ಇತ್ತು. ಇಳಿದೆವು. ಅಡುಗೆಮನೆ ಬೆಳೆಸಲು ಗುಡ್ಡ ಕಡಿದು ಮಾಡಿದ ಬರೆ, ಎರಡಾಳು ಎತ್ತರ. ಗುರುವಾರ ನೋಡಿದ್ದ ಅದೇ ಗುಲಾಬಿ-ಬಿಳಿ ಕೊಳೆತ ಕಲ್ಲು. ಮೇಲಿನ ಅಂಗಳದ ನೀರೆಲ್ಲ ನೇರವಾಗಿ ಅದರ ನೆತ್ತಿಗೆ ಇಳಿಯುತ್ತಿತ್ತು. ಮೇಷ್ಟ್ರು ಮೇಲಕ್ಕೆ ಹತ್ತಿಹೋಗಿ ಅಂಚಿನ ಉದ್ದಕ್ಕೂ ಬಿರುಕು ಹುಡುಕಿದರು. ಮಂಡಿನೋವು ಮರೆತೇಹೋಗಿತ್ತು. ಬಿರುಕು ಇರಲಿಲ್ಲ.

"ನಿಲ್ಲುತ್ತೆ ಅಂತ ನಾನು ಹೇಳಲ್ಲಪ್ಪ. ಮೇಲ್ಗಡೆ ಅಡ್ಡಕ್ಕೆ ಚರಂಡಿ ತೆಗೆಸಿ ನೀರನ್ನ ಪಕ್ಕದ ತೋಡಿಗೆ ತಿರುಗಿಸು, ಮಳೆಗಾಲಕ್ಕೆ ಮುಂಚೆ. ಇನ್ನೊಂದಡಿಯೂ ಕಡೀಬೇಡ. ಬುಡದಲ್ಲಿ ಜಿನುಗೋ ನೀರು ಇದ್ದಕ್ಕಿದ್ದಂತೆ ಕೆಂಪಾದ್ರೆ, ಮೇಲಿನ ಸಿಲ್ವರ್ ಓಕ್ ವಾಲಿದ್ರೆ, ಬಾಗಿಲು ಹಾಕೋಕೆ ಬರದೆ ಚೌಕಟ್ಟು ಬಿಗಿಯಾದ್ರೆ, ಸಾಮಾನು ನೋಡ್ತಾ ಕೂರಬೇಡ, ಮಕ್ಕಳನ್ನ ಕರಕೊಂಡು ಹೊರಡು."

ಚರಂಡಿಗೆ ಎಷ್ಟು ಖರ್ಚಾಗಬಹುದು ಎಂದು ಡ್ರೈವರ ಹೆಂಡತಿ ಕೇಳಿದರು. ಜೆಸಿಬಿ ತರಿಸಬೇಡಿ, ಆಳು ಕರೆದು ಕೈಯಲ್ಲೇ ತೆಗೆಸಿ ಎಂದು ಮೇಷ್ಟ್ರು ಕಾಫಿ ಕುಡಿಯುತ್ತ ಅಳತೆ ಬರೆದುಕೊಟ್ಟರು.